ಮಗನಿಗೆ ಕೀಲಿಕೈ ಕೊಡುವ ಮುನ್ನ

ಪಿ.ಯು.ಸಿ. ಮುಗಿಸಿದ ಹುಡುಗ ಮನೆಯ ದುಡಿಮೆಗೆ ಹೆಗಲು ಕೊಡುವುದು ನಮ್ಮ ಕುಟುಂಬಗಳಲ್ಲಿ ಹೊಸತಲ್ಲ. ನಸುಕಿನಲ್ಲಿ ಬಂದರಿನಿಂದ ಮೀನು ತರುವ ವಾಹನ, ಬೇಕರಿಯ ತಿಂಡಿಯನ್ನು ಅಂಗಡಿ ಅಂಗಡಿಗೆ ಹಂಚುವ ಓಮ್ನಿ, ಹಣ್ಣಿನ ಮಂಡಿಯ ಪಿಕಪ್, ಮದುವೆ ಮನೆಗೆ ಬಿರಿಯಾನಿಯ ಪಾತ್ರೆಗಳನ್ನು ಸಾಗಿಸುವ ವ್ಯಾನ್ - ಇವುಗಳ ಸ್ಟಿಯರಿಂಗ್ ಹಿಡಿದವನಿಗೆ ಅನೇಕ ಸಲ ಇನ್ನೂ ಮೀಸೆಯೇ ಸರಿಯಾಗಿ ಮೂಡಿರುವುದಿಲ್ಲ. ದುಡಿಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮವಾದ ಅನ್ನ ಬೇರೊಂದಿಲ್ಲವೆಂದೂ, ಪ್ರವಾದಿ ದಾವೂದ್(ಅ) ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ದುಡಿಯುವ ಮಗ ಮನೆಗೆ ಬರ್ಕತ್ತು.

ಆದರೆ ವಾಹನವು ಗುದ್ದಲಿ, ಕತ್ತಿಗಳಂತಹ ಸಲಕರಣೆಯಲ್ಲ. ಅದು ಸಾವಿರ ಕಿಲೋ ಭಾರದ ಕಬ್ಬಿಣ. ಒಂದು ಕ್ಷಣದ ಅಜಾಗರೂಕತೆ ಸಾಕು, ದಾರಿಯಲ್ಲಿ ನಡೆದು ಹೋಗುವ ಯಾರದೋ ಮಗ, ಯಾರದೋ ತಂದೆ ಮನೆಗೆ ಮರಳದಿರಲು. ಆಗ ಆ ಮನೆಯವರ ಹಕ್ಕನ್ನು ಯಾರು ತೀರಿಸಬೇಕು? ಈ ಪ್ರಶ್ನೆಗೆ ಹೆಚ್ಚಿನವರ ಉತ್ತರ ಒಂದೇ: "ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ!" ಇರುವುದು ನಿಜ. ಆದರೆ ಆ ಕಾಗದವು ಈ ಹುಡುಗನಿಗೆ, ಈ ಕೆಲಸಕ್ಕೆ, ಈ ವಾಹನದಲ್ಲಿ ಅನ್ವಯಿಸುತ್ತದೆಯೇ ಎಂದು ಕೇಳುವವರು ಎಷ್ಟು ಮಂದಿ? ಈ ಎರಡನೆಯ ಪ್ರಶ್ನೆಯನ್ನು ಕಾನೂನಿನ ಮತ್ತು ಶರೀಅತ್‌ನ ಬೆಳಕಿನಲ್ಲಿ ಪರಿಶೀಲಿಸುವುದು ಈ ಪಾಠದ ಉದ್ದೇಶ.

ವಿಮೆ ಯಾರಿಗಾಗಿ?

1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಕ್ಕೆ 'ಥರ್ಡ್ ಪಾರ್ಟಿ' ವಿಮೆ ಕಡ್ಡಾಯ. ವಾಹನದ ಮಾಲಕ ಒಂದನೆಯ ಪಕ್ಷ, ವಿಮಾ ಕಂಪೆನಿ ಎರಡನೆಯ ಪಕ್ಷ. ಮೂರನೆಯವನು ಯಾರು? ಈ ಒಪ್ಪಂದದ ಬಗ್ಗೆ ಏನೂ ತಿಳಿಯದ, ಅದಕ್ಕೆ ಸಹಿಯನ್ನೂ ಹಾಕದ ದಾರಿಹೋಕ. ಕಾನೂನು ಎಲ್ಲರ ಮೇಲೆ ಕಡ್ಡಾಯ ಮಾಡಿರುವುದು ಆ ಅಪರಿಚಿತನ ರಕ್ಷಣೆಯನ್ನು ಮಾತ್ರ. ನಮ್ಮ ವಾಹನ ಜಖಂಗೊಂಡರೆ ಅದರ ದುರಸ್ತಿಗೆ ಬೇರೆ ವಿಮೆ ಇದೆ. ಜನ ಅದನ್ನು 'ಫುಲ್ ಇನ್ಶೂರೆನ್ಸ್' ಎನ್ನುತ್ತಾರೆ. ಅದು ಮಾಲಕನ ಇಚ್ಛೆಗೆ ಬಿಟ್ಟದ್ದು.

ಕಂತು ಎಷ್ಟು? 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿ.ಸಿ.ಯೊಳಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 2,094 ರೂಪಾಯಿ. 1000ದಿಂದ 1500 ಸಿ.ಸಿ. ವರೆಗಿನ ಕಾರಿಗೆ 3,416 ರೂಪಾಯಿ. ತೆರಿಗೆ ಬೇರೆ.

ಈಗ ಇನ್ನೊಂದು ಲೆಕ್ಕ ನೋಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುವ 30 ವರ್ಷದ ಗಾರೆ ಕೆಲಸದವನೊಬ್ಬ ಅಪಘಾತದಲ್ಲಿ ತೀರಿಹೋದನೆಂದು ಭಾವಿಸಿರಿ. ಅವನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರವನ್ನು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಅನುಸರಿಸುತ್ತವೆ. ಮುಂದೆ ಸಂಪಾದನೆ ಹೆಚ್ಚಬಹುದೆಂದು ಶೇಕಡಾ 40 ಸೇರಿಸಿದರೆ ತಿಂಗಳ ಆದಾಯ 21,000 ಆಗುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಅವನ ಸ್ವಂತ ಖರ್ಚೆಂದು ಕಳೆದರೆ 14,000 ಉಳಿಯುತ್ತದೆ. ವರ್ಷಕ್ಕೆ 1,68,000. ಅವನ ವಯಸ್ಸಿಗೆ ನಿಗದಿಯಾದ ಗುಣಕ 17. ಒಟ್ಟು 28,56,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ ಮೊದಲಾದವು ಇದಕ್ಕೆ ಪ್ರತ್ಯೇಕವಾಗಿ ಸೇರುತ್ತವೆ.

ಮೀನು ಮಾರಿ, ತಿಂಡಿ ಹಂಚಿ ಬದುಕುವ ಯಾವ ಕುಟುಂಬ 28 ಲಕ್ಷ ರೂಪಾಯಿಯನ್ನು ಕೈಯಿಂದ ಎತ್ತಿ ಕೊಡಬಲ್ಲದು? ಕೊಡಲಾಗದಿದ್ದರೆ ಆ ವಿಧವೆ, ಆ ಅನಾಥ ಮಕ್ಕಳು ಎಲ್ಲಿಗೆ ಹೋಗಬೇಕು? ವಿಮೆಯ ಕಾಗದ ಉತ್ತರಿಸಬೇಕಾಗಿರುವುದು ಈ ಪ್ರಶ್ನೆಗೆ. ಪೊಲೀಸರಿಗೆ ತೋರಿಸಲಿಕ್ಕೆಂದು ಡ್ಯಾಶ್‌ಬೋರ್ಡಿನಲ್ಲಿಡುವ ಕಾಗದವೆಂದು ಅದನ್ನು ಭಾವಿಸಿದವನಿಗೆ ಅದರ ನಿಜವಾದ ಬೆಲೆ ತಿಳಿದಿಲ್ಲ.

ಹಂಚಿಕೊಂಡು ಹೊರುವ ಹೊರೆ

ತಪ್ಪಿ ಸಂಭವಿಸಿದ ಪ್ರಾಣಹಾನಿಯ ಬಗ್ಗೆ ಇಸ್ಲಾಮ್ ಮೌನವಾಗಿಲ್ಲ. ಪ್ರಮಾದದಿಂದ ಒಬ್ಬನ ಪ್ರಾಣ ಹೋದರೆ ಅವನ ಮನೆಯವರಿಗೆ ದಿಯತ್ ಅಂದರೆ ರಕ್ತಪರಿಹಾರ ಸಲ್ಲಬೇಕು, ಅವರು ತಾವಾಗಿ ಬಿಟ್ಟುಕೊಟ್ಟರೆ ಬೇರೆ ಮಾತು, ಜೊತೆಗೆ ತಪ್ಪಿತಸ್ಥನು ಒಬ್ಬ ಗುಲಾಮನನ್ನು ವಿಮೋಚಿಸಬೇಕು, ಅದು ಸಾಧ್ಯವಿಲ್ಲದವನು ಎಡೆಬಿಡದೆ ಎರಡು ತಿಂಗಳು ಉಪವಾಸ ಆಚರಿಸಬೇಕು ಎಂಬುದು ಸೂರಃ ಅನ್ನಿಸಾದ 92ನೆಯ ಸೂಕ್ತದ ಆದೇಶದ ಸಾರಾಂಶ. ಇಲ್ಲಿ ಎರಡು ಋಣಗಳಿವೆ. ಒಂದು ಮನುಷ್ಯರದ್ದು, ಇನ್ನೊಂದು ಅಲ್ಲಾಹನದ್ದು. ಮೊದಲನೆಯದನ್ನು ಹಣದಿಂದ ತೀರಿಸಬಹುದು. ಎರಡನೆಯದನ್ನು ಯಾವ ಕಂಪೆನಿಯೂ ನಮ್ಮ ಪರವಾಗಿ ತೀರಿಸಲಾರದು.

ಮೊದಲನೆಯ ಋಣವನ್ನು ಶರೀಅತ್ ಒಬ್ಬನ ಮೇಲೆಯೇ ಹೇರಲಿಲ್ಲ ಎಂಬುದು ಗಮನಾರ್ಹ. ಹುದೈಲ್ ಗೋತ್ರದ ಇಬ್ಬರು ಸ್ತ್ರೀಯರು ಜಗಳವಾಡಿದಾಗ ಒಬ್ಬಳು ಎಸೆದ ಕಲ್ಲಿನಿಂದ ಇನ್ನೊಬ್ಬಳೂ ಅವಳ ಗರ್ಭದಲ್ಲಿದ್ದ ಶಿಶುವೂ ಸತ್ತ ಪ್ರಕರಣವು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮೃತಳ ದಿಯತ್ತನ್ನು ಕಲ್ಲೆಸೆದವಳ 'ಆಖಿಲಃ' ಕೊಡಬೇಕೆಂದು ಪ್ರವಾದಿವರ್ಯರು(ಸ) ತೀರ್ಪಿತ್ತರು. ಆಖಿಲಃ ಎಂದರೆ ತಂದೆಯ ಕಡೆಯ ಪುರುಷ ಬಂಧುಗಳ ಬಳಗ. ಖಲೀಫಾ ಉಮರ್(ರ) ಸೈನಿಕರ ದೀವಾನ್ ಅಂದರೆ ದಾಖಲೆಪಟ್ಟಿಯನ್ನು ಏರ್ಪಡಿಸಿದ ಮೇಲೆ ಒಂದೇ ಪಟ್ಟಿಯಲ್ಲಿರುವವರು ಪರಸ್ಪರರ ದಿಯತ್ತನ್ನು ಹೊರುವ ಪದ್ಧತಿ ಬಂತು. ಹನಫಿ ವಿದ್ವಾಂಸರು ಇದನ್ನು ಆಧಾರವಾಗಿ ಸ್ವೀಕರಿಸಿದ್ದಾರೆ. ಈ ದಿಯತ್ತನ್ನು ಮೂರು ವರ್ಷಗಳಲ್ಲಿ ಕಂತುಗಳಾಗಿ ಸಲ್ಲಿಸುವ ಸೌಲಭ್ಯವೂ ಇದೆ. ಒಬ್ಬನ ಪ್ರಮಾದದಿಂದ ಅವನ ಮನೆ ಮುರಿಯಬಾರದು, ಹಾನಿಗೊಂಡವರ ಮನೆಯೂ ಬರಿದಾಗಬಾರದು ಎಂಬ ದಯೆ ಇದರ ಹಿಂದಿದೆ.

ಆದರೆ ಈ ದಯೆಗೆ ಒಂದು ಮೇರೆಯುಂಟು. ತಿಳಿದು ಮಾಡಿದ ಕೃತ್ಯದ ಹೊರೆಯನ್ನು ಆಖಿಲಃ ಹೊರುವುದಿಲ್ಲ. ಅದು ಮಾಡಿದವನ ಕೊರಳಿಗೇ ಬೀಳುತ್ತದೆ. ಈ ನಿಯಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮ್ಮ ದೇಶದ ಕಾನೂನಿನಲ್ಲೂ ಇದರ ಹೋಲಿಕೆ ಕಾಣಿಸುತ್ತದೆ.

ವಿಮೆಯ ಬಗ್ಗೆ ವಿದ್ವಾಂಸರ ಅಭಿಪ್ರಾಯ

ಹಾಗಾದರೆ ಇಂದಿನ ವಿಮಾ ಕಂಪೆನಿಯನ್ನು ಆಖಿಲಃ ಎನ್ನಬಹುದೇ? ಎರಡೂ ಒಂದೇ ಎಂದು ಹೇಳುವುದು ಸರಿಯಾಗದು. ಆಖಿಲಃ ಪರಸ್ಪರ ಸಹಾಯ, ಕಂಪೆನಿಯ ಪಾಲಿಸಿ ವ್ಯಾಪಾರ. 1836ರಲ್ಲಿ ನಿಧನರಾದ ಸಿರಿಯಾದ ಹನಫಿ ವಿದ್ವಾಂಸ ಇಬ್ನು ಆಬಿದೀನ್ ಅವರು ತಮ್ಮ ಕಾಲದ ಹಡಗಿನ ಸರಕಿನ ವಿಮೆಯನ್ನು ಚರ್ಚಿಸಿ ಅದನ್ನು ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮುಸ್ತಫಾ ಅಝ್ಝರ್ಕಾರಂತಹ ವಿದ್ವಾಂಸರು ವಿಮೆಯನ್ನು ಅನುಮತಿಸಿದರು. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1985ರಲ್ಲಿ, ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ದೊಡ್ಡ ಪ್ರಮಾಣದ ಅನಿಶ್ಚಿತತೆ ಇರುವುದರಿಂದ ಅದು ನಿಷಿದ್ಧವೆಂದೂ, ಪರಸ್ಪರ ಸಹಾಯ ಹಾಗೂ ದಾನದ ತಳಹದಿಯ ಸಹಕಾರಿ ವಿಮೆಯು ಅದಕ್ಕೆ ಬದಲಿಯೆಂದೂ ತೀರ್ಮಾನಿಸಿತು. ಸುಡಾನಿನಲ್ಲಿ 1979ರಲ್ಲಿ ಆರಂಭವಾದ ಇಸ್ಲಾಮೀ ವಿಮಾ ಕಂಪೆನಿ, ಮಲೇಶ್ಯಾದ 1984ರ ತಕಾಫುಲ್ ಕಾಯ್ದೆ, ಸೌದಿ ಅರೇಬಿಯಾದ 2003ರ ಸಹಕಾರಿ ವಿಮಾ ಕಾನೂನು ಇವೆಲ್ಲ ಆ ದಾರಿಯ ಪ್ರಯತ್ನಗಳು.

ನಮ್ಮ ನಾಡಿನಲ್ಲಿ ಥರ್ಡ್ ಪಾರ್ಟಿ ವಿಮೆ ನಮ್ಮ ಆಯ್ಕೆಯ ವಿಷಯವಲ್ಲ. ಕಾನೂನು ಕಡ್ಡಾಯಗೊಳಿಸಿದೆ, ವಾಹನವಿಲ್ಲದೆ ಜೀವನ ನಡೆಯದು. ಇಂತಹ ಅನಿವಾರ್ಯತೆಯಲ್ಲಿ ಅದನ್ನು ಮಾಡಿಸಲು ಉಲಮಾಗಳು ಅನುಮತಿ ನೀಡಿದ್ದಾರೆ. ಕಡ್ಡಾಯವಲ್ಲದ ಉಳಿದ ವಿಮೆಗಳ ವಿಷಯದಲ್ಲಿ ಪ್ರತಿಯೊಬ್ಬನೂ ತಾನು ನಂಬುವ ವಿದ್ವಾಂಸರಲ್ಲಿ ವಿಚಾರಿಸಿ ನಡೆಯಲಿ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. "ವಿಮೆ ಹರಾಮ್" ಎನ್ನುತ್ತಾ ವಿಮೆಯಿಲ್ಲದ ವಾಹನವನ್ನು ರಸ್ತೆಗಿಳಿಸುವುದು ತಕ್ವಾ ಅಲ್ಲ. ಅಷ್ಟು ಸೂಕ್ಷ್ಮತೆ ಇರುವವನ ಮುಂದೆ ವಾಹನ ಓಡಿಸದಿರುವ ದಾರಿ ತೆರೆದಿದೆ. ತನ್ನ ಸೂಕ್ಷ್ಮತೆಯ ಬೆಲೆಯನ್ನು ದಾರಿಹೋಕನ ಅನಾಥ ಮಕ್ಕಳಿಂದ ಕಟ್ಟಿಸಿಕೊಳ್ಳಲು ಯಾರಿಗೂ ಹಕ್ಕಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆನಂತರ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ಕಲಿಸಿದ ಪಾಠ ಎಲ್ಲರಿಗೂ ಗೊತ್ತು. ಇಲ್ಲಿ ಒಂಟೆಯನ್ನು ಬಿಟ್ಟರೆ ಅದು ತುಳಿಯುವುದು ನೆರೆಯವನ ಹೊಲವನ್ನು.

ಕಾಗದ ಇದ್ದೂ ಇಲ್ಲದಂತಾಗುವುದು ಯಾವಾಗ?

ಕೆಲವು ದೇಶಗಳಲ್ಲಿ ಮನೆಯ ಹದಿಹರೆಯದ ಚಾಲಕನ ಹೆಸರನ್ನು ಪಾಲಿಸಿಯಲ್ಲಿ ಬರೆಸಿ ಅವನಿಗಾಗಿ ಹೆಚ್ಚಿನ ಕಂತು ಕಟ್ಟಬೇಕಾಗುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿ ಕಂತನ್ನು ವಾಹನ ನೋಡಿ ನಿಗದಿಪಡಿಸುತ್ತಾರೆ, ಚಾಲಕನ ವಯಸ್ಸನ್ನು ಅಲ್ಲಿ ಕೇಳುವುದಿಲ್ಲ. ಕೇಳಲಿಲ್ಲವೆಂದ ಮಾತ್ರಕ್ಕೆ ಯಾರು ಓಡಿಸಿದರೂ ನಡೆಯುತ್ತದೆಂದು ಅನೇಕರು ತಿಳಿದುಕೊಂಡಿದ್ದಾರೆ. ಪಾಲಿಸಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಎರಡು ಷರತ್ತುಗಳನ್ನು ಅವರು ಓದಿರುವುದಿಲ್ಲ. ಒಂದು, ವಾಹನವನ್ನು ಯಾರು ಓಡಿಸಬಹುದು? ಎರಡು, ಯಾವ ಕೆಲಸಕ್ಕೆ ಬಳಸಬಹುದು? ದುಡಿಯುವ ಹುಡುಗರ ವಿಷಯದಲ್ಲಿ ಷರತ್ತು ಮುರಿಯುವುದು ಸಾಮಾನ್ಯವಾಗಿ ನಾಲ್ಕು ಕಡೆಗಳಲ್ಲಿ.

1. ವಯಸ್ಸು: ಕಾಯ್ದೆಯ 4ನೆಯ ಕಲಮಿನ ಪ್ರಕಾರ 18 ವರ್ಷ ತುಂಬದವರು ಕಾರು ಓಡಿಸುವಂತಿಲ್ಲ. 16 ತುಂಬಿದವರಿಗೆ 50 ಸಿ.ಸಿ.ಗಿಂತ ಹೆಚ್ಚಿಲ್ಲದ ದ್ವಿಚಕ್ರ ವಾಹನಕ್ಕೆ ಮಾತ್ರ ಅವಕಾಶ. ಅದೇ ಕಲಮಿನಲ್ಲಿ ಅನೇಕರ ಗಮನಕ್ಕೆ ಬಾರದ ಇನ್ನೊಂದು ಮಾತಿದೆ. ಸಾರಿಗೆ ವಾಹನವನ್ನು, ಅಂದರೆ ಹಳದಿ ಬೋರ್ಡಿನ ಟ್ಯಾಕ್ಸಿ, ಆಟೋ, ಗೂಡ್ಸ್ ವಾಹನಗಳನ್ನು ಓಡಿಸಲು 20 ವರ್ಷ ತುಂಬಿರಬೇಕು. ಹಗುರ ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಓಡಿಸಲು ಲೈಸೆನ್ಸಿನಲ್ಲಿ ಪ್ರತ್ಯೇಕ ಬರಹ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2024ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಕಾಯ್ದೆಯ 20 ವರ್ಷದ ಗೆರೆ ಅಳಿಸಿ ಹೋಗಿಲ್ಲ. ಆದ್ದರಿಂದ ಡಿ.ಎಲ್. ಕೈಯಲ್ಲಿರುವ 18-19ರ ಹುಡುಗ ಮನೆಯ ಕಾರನ್ನು ಓಡಿಸಬಹುದು. ಮಂಡಿಯ ಹಳದಿ ಬೋರ್ಡಿನ ಪಿಕಪ್ ಅವನಿಗಲ್ಲ.

2. ಎಲ್.ಎಲ್.: ಕಲಿಯುವವರ ಲೈಸೆನ್ಸ್ ಇದ್ದವನು ಓಡಿಸಿದರೆ ವಿಮೆ ಅನ್ವಯಿಸುತ್ತದೆ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೆಯ ನಿಯಮದಂತೆ, ಲೈಸೆನ್ಸ್ ಇರುವ ಕಲಿಸುವವನು ವಾಹನವನ್ನು ನಿಲ್ಲಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕುಳಿತಿರಬೇಕು. ವಾಹನದ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಬೇಕು. "ಎಲ್.ಎಲ್. ಆಗಿದೆ, ಇನ್ನು ಲೈನಿಗೆ ಹೋಗು" ಎಂದು ಹುಡುಗನನ್ನು ಒಬ್ಬನೇ ಕಳುಹಿಸಿದರೆ ಷರತ್ತು ಅಲ್ಲಿಗೇ ಮುರಿಯಿತು.

3. ಬಳಕೆ: ಬಿಳಿ ಬೋರ್ಡಿನ ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ, ಸ್ವಂತ ಲಗೇಜು ಮತ್ತು ಮಾದರಿ ಸರಕುಗಳ ಹೊರತು ಸರಕು ಸಾಗಿಸುವಂತಿಲ್ಲ ಎಂದು ಬರೆದಿರುತ್ತದೆ. ಸೀಟು ಕಿತ್ತು ಮೀನಿನ ಬಾಕ್ಸ್ ತುಂಬುವ ಓಮ್ನಿ, ಏರ್‌ಪೋರ್ಟಿಗೆ "ಪೆಟ್ರೋಲಿನ ದುಡ್ಡು ಕೊಡಿ" ಎಂದು ಓಡುವ ಮನೆಯ ಕಾರು ಇವೆಲ್ಲ ಈ ಷರತ್ತಿನ ಹೊರಗಿವೆ. ಜನರು ಹೀಗೇಕೆ ಮಾಡುತ್ತಾರೆಂಬುದು ತಿಳಿಯದ ವಿಷಯವಲ್ಲ. 2022ರ ದರದಂತೆ ಸಣ್ಣ ಗೂಡ್ಸ್ ವಾಹನದ ಥರ್ಡ್ ಪಾರ್ಟಿ ಕಂತು 16,049 ರೂಪಾಯಿ. ಖಾಸಗಿ ಕಾರಿನ ಎರಡು ಮೂರು ಸಾವಿರದೊಂದಿಗೆ ಹೋಲಿಸಿದರೆ ಬಡವನ ಕೈ ನಡುಗುವುದು ಸಹಜ. ಆದರೆ ಉಳಿಸಿದ 13 ಸಾವಿರ ಮತ್ತು ಮೈಮೇಲೆ ಎಳೆದುಕೊಂಡ 28 ಲಕ್ಷ ಇವೆರಡನ್ನೂ ತಕ್ಕಡಿಯಲ್ಲಿಟ್ಟು ನೋಡಬೇಕು. ಇದಲ್ಲದೆ, ಒಂದು ಕೆಲಸಕ್ಕೆಂದು ಹೇಳಿ ಪಡೆದ ಪಾಲಿಸಿಯಲ್ಲಿ ಇನ್ನೊಂದು ಕೆಲಸ ಮಾಡುವುದು ಒಪ್ಪಂದದ ಭಂಗವಲ್ಲವೇ? ಸೂರಃ ಅಲ್‌ಮಾಇದಾದ ಆರಂಭದಲ್ಲೇ ಸತ್ಯವಿಶ್ವಾಸಿಗಳಿಗೆ ಕರಾರುಗಳನ್ನು ಪಾಲಿಸುವ ಆಜ್ಞೆಯಿದೆ. ಎದುರು ಪಕ್ಷ ಕಂಪೆನಿಯೆಂಬ ಕಾರಣಕ್ಕೆ ಈ ಆಜ್ಞೆ ಸಡಿಲವಾಗದು.

4. ಹೆಸರು: ಸೆಕೆಂಡ್ ಹ್ಯಾಂಡ್ ವಾಹನ ಕೊಂಡು ಆರ್.ಸಿ.ಯನ್ನೂ ಪಾಲಿಸಿಯನ್ನೂ ಹಳೆಯ ಮಾಲಕನ ಹೆಸರಲ್ಲೇ ಬಿಡುವವರಿದ್ದಾರೆ. ಆರ್.ಸಿ.ಯಲ್ಲಿ ಹೆಸರಿರುವವನೇ ಮಾಲಕನೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ನಮ್ಮ ಹುಡುಗನ ಅಪಘಾತಕ್ಕೆ ವಾಹನ ಮಾರಿದ ಬಡಪಾಯಿ ಕೋರ್ಟು ಹತ್ತಬೇಕಾಗುತ್ತದೆ. ಇದು ಪರರಿಗೆ ಮಾಡುವ ಅನ್ಯಾಯ.

"ನನಗೆ ಗೊತ್ತಿರಲಿಲ್ಲ" ಎನ್ನಲಾಗದ ತಂದೆ

ಷರತ್ತು ಮುರಿದರೆ ಹಾನಿಗೊಂಡವರಿಗೆ ಏನೂ ಸಿಗುವುದಿಲ್ಲವೇ? 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು ಒಂದು ಮಹತ್ವದ ತೀರ್ಪು ನೀಡಿತು. ಚಾಲಕನಿಗೆ ಲೈಸೆನ್ಸ್ ಇರಲಿಲ್ಲವೆಂದ ಮಾತ್ರಕ್ಕೆ ಕಂಪೆನಿ ಕೈತೊಳೆದುಕೊಳ್ಳುವಂತಿಲ್ಲ, ಮಾಲಕನು ತಿಳಿದು ಅಥವಾ ನಿರ್ಲಕ್ಷ್ಯದಿಂದ ಷರತ್ತನ್ನು ಮುರಿದನೆಂದು ಅದು ಸಾಬೀತುಪಡಿಸಬೇಕು. ಹಾಗೆ ಸಾಬೀತಾದರೂ, ಕಂಪೆನಿ ಮೊದಲು ಹಾನಿಗೊಂಡವರಿಗೆ ಹಣ ಕೊಟ್ಟು ಬಳಿಕ ಅದನ್ನು ಮಾಲಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು.

ಆಖಿಲಃದ ನಿಯಮ ನೆನಪಿದೆಯೇ? ಪ್ರಮಾದದ ಹೊರೆಯನ್ನು ಎಲ್ಲರೂ ಹೊರುತ್ತಾರೆ, ತಿಳಿದು ಮಾಡಿದ್ದು ಮಾಡಿದವನ ಕೊರಳಿಗೆ. ಇಲ್ಲಿಯೂ ಹಾಗೆಯೇ. ಬೇರೆ ಮಾಲಕನಾದರೆ "ಚಾಲಕ ತೋರಿಸಿದ ಲೈಸೆನ್ಸ್ ನಕಲಿಯೆಂದು ನನಗೆ ತಿಳಿದಿರಲಿಲ್ಲ" ಎನ್ನಬಹುದು. ತಂದೆ ಏನು ಹೇಳಬಲ್ಲ? ಮಗನಿಗೆ ಹದಿನೇಳು ವರ್ಷವೆಂದು ತನಗೆ ಗೊತ್ತಿರಲಿಲ್ಲ ಎನ್ನಲಾದೀತೇ? 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ, ಅಪ್ರಾಪ್ತ ಹುಡುಗ ತಾನಾಗಿಯೇ ಬೈಕಿನ ಕೀಲಿ ತೆಗೆದುಕೊಂಡು ಹೋದನೆಂದು ಮಾಲಕ ವಾದಿಸಿದ. ವಾಹನ ಅಪ್ರಾಪ್ತನ ಕೈಗೆ ಸಿಗದಂತೆ ನೋಡಿಕೊಳ್ಳುವುದು ಮಾಲಕನದೇ ಹೊಣೆಯೆಂದು ನ್ಯಾಯಾಲಯ ಹೇಳಿತು. ಕಂಪೆನಿ ಕೊಟ್ಟ ಪರಿಹಾರವನ್ನು ಅವನಿಂದ ವಸೂಲು ಮಾಡುವ ಆದೇಶ ಉಳಿಯಿತು.

2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ 199ಎ ಕಲಮು ಇನ್ನೂ ಕಠಿಣ. ಅಪ್ರಾಪ್ತನು ವಾಹನದ ಅಪರಾಧ ಎಸಗಿದರೆ ಪೋಷಕ ಅಥವಾ ಮಾಲಕನನ್ನೇ ತಪ್ಪಿತಸ್ಥನೆಂದು ಪರಿಗಣಿಸಲಾಗುತ್ತದೆ. ತನಗೆ ತಿಳಿಯದೆ ನಡೆಯಿತೆಂದು ಸಾಬೀತುಪಡಿಸುವ ಹೊರೆ ಅವನದೇ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ದುಡಿಮೆಗೆಂದು ಕೊಟ್ಟ ಕೀಲಿಕೈ ಅವನ ದುಡಿಮೆಯ ದಾರಿಯನ್ನೇ ಏಳೆಂಟು ವರ್ಷ ಮುಚ್ಚಿಬಿಡುತ್ತದೆ.

ತಂದೆ ಗಲ್ಫಿನಲ್ಲಿದ್ದು ಕಾರು ಅವರ ಹೆಸರಲ್ಲಿ, ಕೀಲಿಕೈ ತಾಯಿಯ ಬಳಿ ಇರುವ ಮನೆಗಳು ನಮ್ಮಲ್ಲಿ ಬಹಳ. "ಉಮ್ಮಾ, ಬೇಗ ಬರುತ್ತೇನೆ" ಎಂಬ ಒಂದು ಮಾತಿಗೆ ಕರಗಿ ಕೀಲಿಕೈ ಕೊಡುವ ತಾಯಂದಿರು, ಆ ಕ್ಷಣ ದೂರದ ಮರುಭೂಮಿಯಲ್ಲಿ ದುಡಿಯುವ ಗಂಡನ ಹೆಸರನ್ನೂ ಪಣಕ್ಕಿಡುತ್ತಿದ್ದೇವೆಂದು ಅರಿಯಬೇಕು.

ಚಾಲಕನನ್ನು ಬದಲಿಸುವ ಸುಳ್ಳು

ಇಲ್ಲಿ ಎಲ್ಲಕ್ಕಿಂತ ನೋವಿನ ವಿಷಯವನ್ನು ಹೇಳಬೇಕಾಗಿದೆ. ಹುಡುಗ ಅಪಘಾತ ಮಾಡಿದ ಗಳಿಗೆಯಲ್ಲಿ ಊರ ಹಿರಿಯರೆನಿಸಿಕೊಂಡವರೇ ಕೊಡುವ ಸಲಹೆಯೊಂದಿದೆ: "ಲೈಸೆನ್ಸ್ ಇರುವ ಯಾರನ್ನಾದರೂ ಡ್ರೈವರ್ ಎಂದು ತೋರಿಸಿ." ಚಿಕ್ಕಪ್ಪನೋ ಅಣ್ಣನೋ ಠಾಣೆಗೆ ಹೋಗಿ ತಾನೇ ಓಡಿಸುತ್ತಿದ್ದೆನೆಂದು ಬರೆದುಕೊಡುತ್ತಾನೆ. ಜನರು ಇದನ್ನು ಕುಟುಂಬದ ಮೇಲಿನ ಪ್ರೀತಿಯೆಂದು ಭಾವಿಸುತ್ತಾರೆ.

ಶರೀಅತ್ ಇದಕ್ಕೆ ಕೊಡುವ ಹೆಸರು ಬೇರೆ. ಇದು ಶಹಾದತುಝ್ಝೂರ್, ಸುಳ್ಳು ಸಾಕ್ಷ್ಯ. ಮಹಾಪಾಪಗಳನ್ನು ಎಣಿಸುತ್ತಾ ಪ್ರವಾದಿವರ್ಯರು(ಸ) ಒರಗಿ ಕುಳಿತವರು ನೆಟ್ಟಗೆ ಕುಳಿತು ಈ ಒಂದು ಪಾಪವನ್ನು ಮತ್ತೆ ಮತ್ತೆ ಉಚ್ಚರಿಸಿದರು, ಇನ್ನು ನಿಲ್ಲಿಸಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು. ಸಾಕ್ಷ್ಯವು ನಮಗೇ, ನಮ್ಮ ಹೆತ್ತವರಿಗೇ, ಬಂಧುಗಳಿಗೇ ವಿರುದ್ಧವಾಗಿದ್ದರೂ ನ್ಯಾಯದ ಮೇಲೆ ದೃಢವಾಗಿ ನಿಲ್ಲಬೇಕೆಂಬ ಆಜ್ಞೆ ಸೂರಃ ಅನ್ನಿಸಾದ 135ನೆಯ ಸೂಕ್ತದಲ್ಲಿದೆ. ಬಂಧುವಿನ ಹೆಸರನ್ನು ಅಲ್ಲಿ ಎತ್ತಿ ಹೇಳಿರುವುದೇ, ಮನುಷ್ಯ ಜಾರುವ ಜಾಗ ಅದುವೆಂಬ ಕಾರಣಕ್ಕೆ.

ಈ ಸುಳ್ಳಿನಿಂದ ಯಾರಿಗೆ ಲಾಭ? ತನಿಖೆಯಲ್ಲಿ ಸಿಕ್ಕಿಬಿದ್ದರೆ ನಿರಪರಾಧಿ ಚಿಕ್ಕಪ್ಪನೂ ಅಪರಾಧಿಯಾಗುತ್ತಾನೆ. ಸಾಕ್ಷಿಗಳ ಮಾತು ಹೊಂದದಿದ್ದರೆ ಹಾನಿಗೊಂಡವರ ಅರ್ಜಿಯೇ ವರ್ಷಗಟ್ಟಲೆ ಎಳೆಯುತ್ತದೆ. ಸಿಕ್ಕಿಬೀಳದಿದ್ದರೆ ನಷ್ಟ ಇನ್ನೂ ದೊಡ್ಡದು. ಒಂದು ಜೀವ ಹೋದರೂ ಹಿರಿಯರು ಸುಳ್ಳಿನಿಂದ ಎಲ್ಲವನ್ನೂ ಸರಿಪಡಿಸುತ್ತಾರೆಂಬ ಪಾಠವನ್ನು ಆ ಹುಡುಗ ಕಲಿತುಬಿಡುತ್ತಾನೆ. ಮದ್ರಸದಲ್ಲಿ ಹತ್ತು ವರ್ಷ ಕಲಿಸಿದ ಪಾಠವನ್ನು ಆ ಒಂದು ರಾತ್ರಿ ಅಳಿಸಿಹಾಕುತ್ತದೆ. ಪ್ರಾಯ ತುಂಬಿದವನ ಮೇಲೆ ತಪ್ಪಿನ ಪ್ರಾಯಶ್ಚಿತ್ತವಾಗಿ ಬರುವ ಎರಡು ತಿಂಗಳ ಉಪವಾಸವನ್ನು ಚಿಕ್ಕಪ್ಪ ಆಚರಿಸಲಾದೀತೇ?

ವಯಸ್ಸು ಮಾತ್ರ ಸಾಲದು

18 ತುಂಬಿತು, ಡಿ.ಎಲ್. ಬಂತು, ಪಾಲಿಸಿ ಸರಿಯಾಗಿದೆ. ಅಷ್ಟಾದರೆ ಸಾಕೇ? ಸೂರಃ ಅನ್ನಿಸಾದ 5 ಮತ್ತು 6ನೆಯ ಸೂಕ್ತಗಳು ಅನಾಥರ ಸೊತ್ತಿನ ಬಗ್ಗೆ ಕಲಿಸುವ ನಿಯಮ ಇಲ್ಲಿ ದಾರಿದೀಪವಾಗಬಲ್ಲದು. ತಿಳಿವಳಿಕೆ ಬಾರದವರ ಕೈಗೆ ಸೊತ್ತನ್ನು ಒಪ್ಪಿಸಬಾರದು, ಅನಾಥರು ಪ್ರಾಯಕ್ಕೆ ಬರುವವರೆಗೆ ಅವರನ್ನು ಪರೀಕ್ಷಿಸುತ್ತಿರಬೇಕು, ಅವರಲ್ಲಿ 'ರುಶ್ದ್' ಅಂದರೆ ವಿವೇಕ ಕಂಡಾಗ ಒಪ್ಪಿಸಬೇಕು. ಪ್ರಾಯ ಒಂದು ಷರತ್ತು, ವಿವೇಕ ಇನ್ನೊಂದು. ಆರ್.ಟಿ.ಓ. ಪ್ರಾಯವನ್ನೂ ಕೈಚಳಕವನ್ನೂ ನೋಡಬಲ್ಲದು. ಮಗ ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ನಾಲ್ಕಕ್ಕೆ ಬಂದರಿಗೆ ಹೊರಡುತ್ತಾನೆಯೇ, ಮೊಬೈಲ್ ಕಿವಿಗಿಟ್ಟು ತಿರುವು ತೆಗೆಯುತ್ತಾನೆಯೇ, ಹಿಂದಿನವನು ಹಾರ್ನ್ ಹಾಕಿದರೆ ಸಿಟ್ಟಾಗುತ್ತಾನೆಯೇ ಎಂಬುದನ್ನು ನೋಡಬೇಕಾದವರು ಹೆತ್ತವರು. ಅಂಗಡಿಯ ಯಜಮಾನರಿಗೂ ಇದೇ ಮಾತು. "ಇಷ್ಟು ಹೊತ್ತಿಗೆ ತಲುಪದಿದ್ದರೆ ಸಂಬಳ ಕಡಿತ" ಎನ್ನುವ ಯಜಮಾನನ ಕಾಲು ಸಹ ಆ ಹುಡುಗನ ಕಾಲಿನೊಂದಿಗೆ ಎಕ್ಸಲೇಟರ್ ಮೇಲಿರುತ್ತದೆ. ಪ್ರತಿಯೊಬ್ಬನೂ ಒಂದು ಮಂದೆಯ ಕಾವಲುಗಾರ, ಆ ಮಂದೆಯ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂಬ ಪ್ರವಾದಿ ಬೋಧನೆಯ ವ್ಯಾಪ್ತಿಯಿಂದ ಇವರಾರೂ ಹೊರಗಿಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಕೀಲಿಕೈ ಕೊಡುವ ಮುನ್ನ ಪ್ರತಿಯೊಬ್ಬ ತಂದೆ, ತಾಯಿ, ಯಜಮಾನ ಈ ಆರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ.

1. ಹುಡುಗನಿಗೆ ಈ ವಾಹನ ಓಡಿಸುವ ಪ್ರಾಯವಾಗಿದೆಯೇ? ಬಿಳಿ ಬೋರ್ಡಿಗೆ 18, ಹಳದಿ ಬೋರ್ಡಿಗೆ 20.

2. ಅವನ ಡಿ.ಎಲ್. ಈ ವರ್ಗದ ವಾಹನಕ್ಕೆ ಇದೆಯೇ? ಅವಧಿ ಮುಗಿದಿಲ್ಲವೇ?

3. ಪಾಲಿಸಿಯ ಕೊನೆಯ ದಿನಾಂಕ ಯಾವುದು? ಹೊಸ ವಾಹನಗಳಿಗೆ 2018ರ ಸೆಪ್ಟೆಂಬರ್‌ನಿಂದ ಕಾರಿಗೆ ಮೂರು, ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುವುದರಿಂದ ಅದು ಮುಗಿದುದೇ ಮರೆತುಹೋಗುತ್ತದೆ.

4. ಅವನು ಮಾಡಲಿರುವ ಕೆಲಸ ಪಾಲಿಸಿಯಲ್ಲಿ ಒಪ್ಪಿದ ಬಳಕೆಯೇ? ಸಂಶಯವಿದ್ದರೆ ವಿಮಾ ಕಚೇರಿಯಲ್ಲಿ ಇದ್ದುದನ್ನು ಇದ್ದಂತೆ ಹೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸಿದ ಕುರ್‌ಆನಿನ ಅನುಯಾಯಿಗಳಿಗೆ ಇದು ಭಾರವಾಗಬಾರದು.

5. ಆರ್.ಸಿ. ಮತ್ತು ಪಾಲಿಸಿ ಎರಡೂ ನಿಜವಾದ ಮಾಲಕನ ಹೆಸರಲ್ಲಿವೆಯೇ?

6. ಹುಡುಗನಿಗೇ ಏನಾದರೂ ಆದರೆ? ಥರ್ಡ್ ಪಾರ್ಟಿ ವಿಮೆ ಇತರರಿಗೆ. ಮಾಲಕ-ಚಾಲಕನ 15 ಲಕ್ಷದ ಅಪಘಾತ ವಿಮೆಯು ಆರ್.ಸಿ.ಯಲ್ಲಿ ಹೆಸರಿರುವವನು ತಾನೇ ಓಡಿಸುವಾಗ ಮಾತ್ರ. ತಂದೆಯ ಕಾರು ಓಡಿಸುವ ಮಗನಿಗೆ ಅದು ದೊರೆಯದು. ಸಂಬಳಕ್ಕೆ ಓಡಿಸುವ ಹುಡುಗನಾದರೆ, ಸಂಬಳದ ಚಾಲಕನಿಗಾಗಿ ಪಾಲಿಸಿಯಲ್ಲಿ ಸೇರಿಸಬಹುದಾದ ಸಣ್ಣ ಹೆಚ್ಚುವರಿ ಕಂತನ್ನು ಯಜಮಾನ ಕಟ್ಟಿದ್ದಾನೆಯೇ ಎಂದು ವಿಚಾರಿಸಿರಿ.

ಈ ಆರರಲ್ಲಿ ಒಂದಕ್ಕಾದರೂ 'ಇಲ್ಲ' ಎಂಬ ಉತ್ತರ ಬಂದರೆ ಕೀಲಿಕೈ ಗೋಡೆಯ ಮೊಳೆಯಲ್ಲೇ ಇರಲಿ. ಹುಡುಗನಿಗೆ ಒಂದೆರಡು ವರ್ಷ ಲೋಡು ಇಳಿಸುವ, ಲೆಕ್ಕ ಬರೆಯುವ ಕೆಲಸ ಕೊಡಿ. ಅವನು ಸಿಟ್ಟಾಗಬಹುದು, ನೆರೆಮನೆಯ ಹುಡುಗನನ್ನು ತೋರಿಸಿ ವಾದಿಸಬಹುದು. ಆ ಸಿಟ್ಟು ಒಂದು ವಾರದಲ್ಲಿ ಇಳಿಯುತ್ತದೆ. ಇನ್ನೊಬ್ಬರ ಅಂಗಳದಲ್ಲಿ ಮಯ್ಯಿತ್ ಮಲಗಿಸಿದ ನೋವು ಜೀವಮಾನದಲ್ಲಿ ಇಳಿಯದು.

ಶಹೀದನ ಎಲ್ಲ ಪಾಪಗಳು ಕ್ಷಮಿಸಲ್ಪಟ್ಟರೂ ಸಾಲ ಮಾತ್ರ ಉಳಿಯುತ್ತದೆಂದು ಹದೀಸ್ ಎಚ್ಚರಿಸಿದೆ. ಮನುಷ್ಯರ ಹಕ್ಕಿನ ಭಾರ ಅಂಥದ್ದು. ರಸ್ತೆಯಲ್ಲಿ ನಮ್ಮೆದುರು ಬರುವ ಪ್ರತಿಯೊಬ್ಬನೂ, ಅವನು ಯಾವ ಧರ್ಮದವನೇ ಇರಲಿ, ಕ್ಷೇಮವಾಗಿ ತನ್ನ ಮನೆ ಸೇರುವ ಹಕ್ಕುಳ್ಳವನು. ನಮ್ಮ ಮಕ್ಕಳ ದುಡಿಮೆ ಯಾರೊಬ್ಬರ ಆ ಹಕ್ಕನ್ನೂ ಕಸಿಯದ ಹಲಾಲ್ ದುಡಿಮೆಯಾಗಲಿ. ನಮ್ಮ ಕೈಯಲ್ಲಿರುವ ಅಮಾನತ್ತುಗಳನ್ನು ಅವುಗಳ ಹಕ್ಕಿನೊಂದಿಗೆ ನಿರ್ವಹಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.